ಕೊಪ್ಪರಿಗೆ ಮುಂದೆ ಕೇಳಿದ ಫಲಿತಾಂಶ

2023ರ ಮೇ 13, ಶನಿವಾರ. ವಿಧಾನಸಭೆ ಚುನಾವಣೆಯ ಫಲಿತಾಂಶದ ದಿನ. ಮೈಸೂರಿನ ಸಾಫ್ಟ್‌ವೇರ್ ಕೆಲಸಕ್ಕೆ ರಜೆ. ಪಾಂಡವಪುರದ ಹತ್ತಿರ ನಮ್ಮೂರಿನ ಆಲೆಮನೆಯಲ್ಲಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿತ್ತು. ಹಸಿರು ಟವೆಲ್ಲಿನಲ್ಲಿ ಬೆವರೊರೆಸಿಕೊಂಡು ನೊರೆ ತೆಗೆಯುತ್ತಿದ್ದ ಅಪ್ಪ, ಗಳಿಗೆಗೊಮ್ಮೆ ಕೇಳುತ್ತಿದ್ದ: "ಮೇಲುಕೋಟೆ ಏನಾಯ್ತು ಮಗ?"

2018ರ ಫೆಬ್ರವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ನೋಡುತ್ತಿದ್ದ ರೈತಸಂಘದ ನಾಯಕ, ಮೇಲುಕೋಟೆ ಶಾಸಕ ಕೆ.ಎಸ್. ಪುಟ್ಟಣ್ಣಯ್ಯ ಹೃದಯಾಘಾತದಿಂದ ತೀರಿಕೊಂಡರು. ಅವತ್ತು ಅಪ್ಪ ಊಟ ಮಾಡಲಿಲ್ಲ. ಆ ವರ್ಷದ ಚುನಾವಣೆಗೆ ಅವರ ಮಗ ದರ್ಶನ್ ನಿಂತರು. "ಅಮೆರಿಕಾದಲ್ಲಿ ಕಂಪನಿ ಕಟ್ಟಿದೋನು ನಮ್ ಗದ್ದೆ ಕೆಸರಿಗೆ ಇಳಿದಾನಾ?" ಅಂತ ಅನುಮಾನ ಪಡುತ್ತಲೇ ಅಪ್ಪ ವೋಟು ಹಾಕಿದ್ದ. ದರ್ಶನ್ ಸೋತರು. ಸೋತ ಮೇಲೂ ರೈತಸಂಘದ ಕೈಬಿಡಲಿಲ್ಲ.

ನನಗೆ ಮಾತ್ರ ಆ ಕಂಪನಿಯ ಅನುಭವವೇ ದೊಡ್ಡದಾಗಿ ಕಂಡಿತ್ತು. ಗಿರಾಕಿ ದುಡ್ಡು ಕೊಡಲಿ ಬಿಡಲಿ, ತಿಂಗಳಾದರೆ ಕೆಲಸದವರಿಗೆ ಸಂಬಳ ಕೊಡಲೇಬೇಕು. ಆ ಹೊರೆ ಹೊತ್ತವರಿಗೆ ಬಾಕಿಯ ನೋವು ಹೇಳಿಕೊಡಬೇಕಿಲ್ಲ. ಕಾರ್ಖಾನೆಗೆ ಕಬ್ಬು ಕೊಟ್ಟ 14 ದಿನದಲ್ಲಿ ರೈತನಿಗೆ ಹಣ ಸಂದಾಯವಾಗಬೇಕು ಅನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಅಪ್ಪ ಒಂದು ಸಲ ಏಳು ತಿಂಗಳು ಕಾದಿದ್ದ. ನನ್ನ ಕಾಲೇಜು ಫೀಸಿಗೆ ಅವ್ವನ ಓಲೆ ಅಡವಿಟ್ಟದ್ದು ಆಗಲೇ.

ಮಧ್ಯಾಹ್ನ ಸುದ್ದಿ ಬಂತು. ದರ್ಶನ್ 10 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದಿದ್ದರು. ಕಾಂಗ್ರೆಸ್ ಇಲ್ಲಿ ಅಭ್ಯರ್ಥಿ ಹಾಕದೆ ಬೆಂಬಲಿಸಿತ್ತು. ಆದರೆ 224 ಜನರ ಸದನದಲ್ಲಿ ಅವರ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಸಿಕ್ಕಿದ್ದು ಅದೊಂದೇ ಸ್ಥಾನ.

"ಒಬ್ರೇನಾ?" ಅಂದ ಅಪ್ಪ.

"ಒಬ್ರೇ ಕಣಪ್ಪ. ಮಾತಾಡೋಕೆ ಟೈಮೂ ಪಕ್ಷದ ಬಲ ನೋಡಿ ಕೊಡ್ತಾರೆ."

ಅಪ್ಪ ಮಾತಾಡಲಿಲ್ಲ. ಒಂದು ತೊಟ್ಟು ಪಾಕ ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡಿದ. ಹದ ಬಂದಿತ್ತು. ನಾಲ್ಕು ಜನ ಸೇರಿ ಕೊಪ್ಪರಿಗೆ ಇಳಿಸಿದರು. ಬಿಸಿ ಬೆಲ್ಲದ ಮೊದಲ ತುಣುಕು ನನ್ನ ಅಂಗೈಗೆ ಹಾಕಿದಾಗ ಅಪ್ಪನ ಕಣ್ಣು ಒದ್ದೆಯಾಗಿತ್ತು.

ಸಂಜೆ ಮನೆಗೆ ಬಂದವನೇ ಟ್ರಂಕು ತೆಗೆದು, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ ಹಳೇ ಕಬ್ಬಿನ ತೂಕದ ಚೀಟಿಗಳನ್ನು ಹೊರಗಿಟ್ಟ.

"ಇವನ್ನ ಜೆರಾಕ್ಸ್ ಮಾಡ್ಸು ಮಗ. ಎರಡು ಸೆಟ್ಟು."