ಮ್ಯೂಸಿಕ್ ವಿಡಿಯೋನಾ, ಕಿರುಚಿತ್ರಾನಾ?

19 ನವೆಂಬರ್ 2024, ಮಂಗಳವಾರ

ಕೋರ್ಸ್‌ವರ್ಕ್‌ಗೆ ಏನು ಮಾಡ್ತೀವಿ ಅಂತ ಈ ವಾರದೊಳಗೆ ಬರೆದುಕೊಡಬೇಕು. ಮ್ಯೂಸಿಕ್ ವಿಡಿಯೋ ಇಲ್ಲವೇ ಕಿರುಚಿತ್ರ, ಎರಡರಲ್ಲಿ ಒಂದು. ಮ್ಯೂಸಿಕ್ ವಿಡಿಯೋ ಸುಲಭ, ಕಿರುಚಿತ್ರ ಮಾಡಿದರೆ ಮಾರ್ಕ್ಸ್ ಜಾಸ್ತಿ ಅನ್ನುವ ಮಾತು ಕ್ಲಾಸಲ್ಲೆಲ್ಲ ಓಡಾಡ್ತಿದೆ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಮೌಲ್ಯಮಾಪನದ ಹಾಳೆ ತೆಗೆದು ಇನ್ನೊಮ್ಮೆ ಓದಿದೆ. ಅದರಲ್ಲಿರುವುದು ಯೋಜನೆ, ಕ್ಯಾಮೆರಾ, ಎಡಿಟಿಂಗ್, ಕೊನೆಗೆ ನಾವು ಮಾಡಿದ್ದಕ್ಕೆ ನಾವೇ ಕೊಡಬೇಕಾದ ವಿವರಣೆ. ಇದು ಮೇಲು, ಅದು ಕೀಳು ಅಂತ ಎಲ್ಲೂ ಬರೆದಿಲ್ಲ.

ಸುಲಭ ಅನ್ನುವವರ ಮಾತಲ್ಲಿ ಧ್ವನಿಯ ಮಟ್ಟಿಗೆ ನಿಜ ಇದೆ. ಕಿರುಚಿತ್ರದಲ್ಲಿ ಇಬ್ಬರು ಕೂತು ಮಾತಾಡಿದರು ಅಂದರೆ ಮೈಕ್ ಎಲ್ಲಿ, ಫ್ಯಾನ್ ಆಫ್ ಆಗಿದೆಯಾ, ಹೊರಗಡೆ ಗಾಡಿ ಹೋಯಿತಾ, ಎಲ್ಲವನ್ನೂ ಕಿವಿಗೊಟ್ಟು ಕೇಳುತ್ತಲೇ ಇರಬೇಕು. ಒಂದೇ ಕೋಣೆಯಲ್ಲಿ ತೆಗೆದ ಎರಡು ಶಾಟ್‌ಗಳ ಹಿಂದಿನ ಗುಂಯ್‌ ಸದ್ದು ಬೇರೆಬೇರೆಯಾಗಿದ್ದರೆ ಕಟ್ ಆದ ಜಾಗ ಕಿವಿಗೆ ಹೊಡೆಯುತ್ತದೆ. ಅದಕ್ಕೇ ಎಲ್ಲರನ್ನೂ ಸುಮ್ಮನಿರಿಸಿ ಆ ಕೋಣೆಯ ಮೌನವನ್ನೇ ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಟುಕೊಂಡು ಮಾತಿನ ಕೆಳಗೆ ಹಾಸುತ್ತಾರೆ. ಮ್ಯೂಸಿಕ್ ವಿಡಿಯೋದಲ್ಲಿ ಈ ತಲೆನೋವು ಇಲ್ಲ, ಸ್ಥಳದ ಧ್ವನಿಯನ್ನೆಲ್ಲ ತೆಗೆದುಹಾಕಿ ಹಾಡು ಕೂರಿಸಿದರಾಯಿತು.

ಆದರೆ ಇಲ್ಲಿ ಉಳಿದ ಶ್ರಮವನ್ನು ಅದು ಬೇರೆ ಕಡೆ ವಸೂಲು ಮಾಡುತ್ತದೆ. ನಾಲ್ಕು ನಿಮಿಷದ ಹಾಡು ಅಂದರೆ 240 ಸೆಕೆಂಡ್. ಸರಾಸರಿ ಒಂದು ಶಾಟ್ ಎರಡು ಸೆಕೆಂಡ್ ನಿಂತರೂ 120 ಶಾಟ್ ಬೇಕು. ಅಷ್ಟೇ ಉದ್ದದ ಮಾತುಕತೆಯ ದೃಶ್ಯಕ್ಕೆ ಅದರ ಕಾಲುಭಾಗ ಸಾಕಾಗಬಹುದು. ಸ್ಪೀಕರಿನಲ್ಲಿ ಹಾಕಿದ ಹಾಡಿಗೆ ಸರಿಯಾಗಿ ಹಾಡುವವಳ ತುಟಿ ಹೊಂದಿಸುವ ಕೆಲಸ ಇನ್ನೂ ಸೂಕ್ಷ್ಮ. ಸೆಕೆಂಡಿಗೆ 25 ಫ್ರೇಮ್ (ವಿಡಿಯೋದ ಬಿಡಿ ಚಿತ್ರ) ಲೆಕ್ಕದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್. ಶಬ್ದ ಅಷ್ಟು ಹೊತ್ತಿನಲ್ಲಿ ಸುಮಾರು 14 ಮೀಟರ್ ದೂರ ಹೋಗುತ್ತದೆ. ಅಂದರೆ ಬಯಲಲ್ಲಿ ಸ್ಪೀಕರನ್ನು ಹಾಡುವವಳಿಂದ ಅಷ್ಟು ದೂರ ಇಟ್ಟರೆ ಅವಳು ಬಾಯಿ ತೆರೆಯುವ ಮೊದಲೇ ಒಂದು ಫ್ರೇಮ್ ತಡವಾಗಿರುತ್ತದೆ.

ಇವತ್ತು ಮಧ್ಯಾಹ್ನ ಒಂದು ಪರೀಕ್ಷೆ ಮಾಡಿದೆವು. ಸ್ಲೋ ಮೋಷನ್‌ನಲ್ಲಿ ಹಾಡುತ್ತಿದ್ದರೂ ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂರುವ ಶಾಟ್‌ಗಳು ಬರುತ್ತವಲ್ಲ, ಅದನ್ನು ತೆಗೆಯಲು ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಕ್ಯಾಮೆರಾವನ್ನು 50 ಫ್ರೇಮ್‌ಗೆ ಇಟ್ಟು, ಆಮೇಲೆ 25ರಲ್ಲಿ ಓಡಿಸಬೇಕು. ಗೆಳತಿ ಒಂದು ಚರಣ ಹಾಡುವಷ್ಟರಲ್ಲಿ "ಉಸಿರು ತಗೊಳೋಕೂ ಬಿಡ್ತಿಲ್ಲ ಕಣೇ ಇದು" ಅಂತ ಕೂತುಬಿಟ್ಟಳು. ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಕೂದಲು ನೀರಿನೊಳಗಿದ್ದಂತೆ ಮೆಲ್ಲಗೆ ಏಳುತ್ತಿದೆ, ರೆಪ್ಪೆ ನಿಧಾನವಾಗಿ ಮುಚ್ಚಿ ತೆರೆಯುತ್ತಿದೆ, ತುಟಿ ಮಾತ್ರ ಅಕ್ಷರಕ್ಕೆ ಅಕ್ಷರ ಸರಿ. ಆದರೆ ಪ, ಬ, ಮ ಬಂದಾಗಲೆಲ್ಲ ದವಡೆ ಗಟ್ಟಿಯಾಗುತ್ತದೆ, ಕತ್ತಿನ ನರ ಎದ್ದು ನಿಲ್ಲುತ್ತದೆ. ವೇಗಕ್ಕೆ ಸಿಕ್ಕ ಬಾಯಿ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಸ್ವರ ಎಳೆದು ಹಾಡುವ ಸಾಲಿಗೆ ಮಾತ್ರ ಇದು ಒಪ್ಪುತ್ತದೆ ಅಂತ ಇಬ್ಬರಿಗೂ ಅನ್ನಿಸಿತು.

ಸರಿ, ಎರಡೂ ಕಷ್ಟವೇ. ಹಾಗಾದರೆ ಆರಿಸುವುದು ಹೇಗೆ? ಇಷ್ಟು ದಿನ ಪ್ರಕಾರವನ್ನು ಮೊದಲು ಆರಿಸಿ ಕಥೆ ಹುಡುಕುವವರನ್ನೇ ನೋಡುತ್ತಿದ್ದೇನೆ. ಕಥೆಯನ್ನೇ ಕೇಳಿದರೆ ಅದು ತನಗೇನು ಬೇಕು ಅಂತ ಹೇಳುತ್ತದೆ ಅಂತ ನನ್ನ ನಂಬಿಕೆ.

ನಮ್ಮ ಕೈಲಿರುವುದು ಇಷ್ಟು: ಒಂದೇ ರೂಮಿನಲ್ಲಿದ್ದ ಇಬ್ಬರು ಗೆಳತಿಯರಲ್ಲಿ ಒಬ್ಬಳು ಬಿಟ್ಟು ಹೋಗುತ್ತಿದ್ದಾಳೆ. ಇಬ್ಬರೂ ಹಂಚಿಕೊಂಡಿದ್ದ ಪುಸ್ತಕದ ಕಪಾಟು ಸ್ವಲ್ಪಸ್ವಲ್ಪವೇ ಖಾಲಿಯಾಗುತ್ತದೆ. ಇದನ್ನು ಮೊದಲು ಕಿರುಚಿತ್ರವಾಗಿ ಬರೆದೆ. ಆಸ್ಕರ್ ನಿಯಮದಲ್ಲಿ ಟೈಟಲ್ ಎಲ್ಲ ಸೇರಿ 40 ನಿಮಿಷದವರೆಗೂ ಕಿರುಚಿತ್ರವೇ, ನಮಗಿರುವುದು ಐದು ನಿಮಿಷ. ಅಷ್ಟರಲ್ಲಿ ಇವರ ಸ್ನೇಹ ಗೊತ್ತಾಗಬೇಕು, ಅದು ಯಾಕೆ ಕಡಿಯುತ್ತಿದೆ ಅಂತ ಗೊತ್ತಾಗಬೇಕು, ಕೊನೆಯಲ್ಲಿ ಒಂದು ಮಾತು ಆಡಿ ಏನೋ ಬದಲಾಗಬೇಕು. ಬರೆಯುತ್ತಾ ಹೋದಂತೆ ಜಗಳ ಹುಟ್ಟಿಕೊಂಡಿತು, ಜಗಳಕ್ಕೊಂದು ಕಾರಣ ಹುಟ್ಟಿಕೊಂಡಿತು, ಕಪಾಟು ಮೂಲೆಗೆ ಸರಿಯಿತು.

ಆಮೇಲೆ ಅದನ್ನೇ ಹಾಡಿನ ಚೌಕಟ್ಟಿಗೆ ಹಾಕಿ ನೋಡಿದೆ. ಪಲ್ಲವಿ ಬಂದಾಗಲೆಲ್ಲ ಅದೇ ಫ್ರೇಮು, ಅದೇ ಕಪಾಟು, ಪ್ರತಿ ಸಲವೂ ಒಂದಷ್ಟು ಪುಸ್ತಕ ಕಡಿಮೆ. ಸಾಲು ಬದಲಾಗಿಲ್ಲ, ರಾಗ ಬದಲಾಗಿಲ್ಲ, ಆದರೂ ಮೂರನೇ ಸಲ ಕೇಳುವಾಗ ಅದೇ ಸಾಲಿನ ಅರ್ಥ ಬೇರೆ. ಜಗಳವೂ ಬೇಡ, ಕಾರಣವೂ ಬೇಡ. ಮರಳಿ ಮರಳಿ ಬರುವ ಚಿತ್ರ ಇರುವ ಕಥೆಗೆ ಹಾಡು ಬೇಕು, ಹಿಂದಿರುಗಲಾಗದ ಒಂದು ತಿರುವಿರುವ ಕಥೆಗೆ ಕಿರುಚಿತ್ರ ಬೇಕು. ನಮ್ಮದು ಮೊದಲನೆಯದು. ಮ್ಯೂಸಿಕ್ ವಿಡಿಯೋ ಅಂತಲೇ ಬರೆದುಕೊಡುತ್ತೇವೆ.

ಮೇಡಂಗೆ ಹೇಳಿದಾಗ ಕೇಳಿದರು, "ಹಾಡು ತೆಗೆದುಬಿಟ್ರೆ ನಿನ್ನ ವಿಡಿಯೋದಲ್ಲಿ ಏನಮ್ಮಾ ಉಳಿಯುತ್ತೆ?" ಖಾಲಿಯಾಗುವ ಕಪಾಟು ಉಳಿಯುತ್ತೆ ಮೇಡಂ, ಆದರೆ ಅದು ಯಾಕೆ ನೋವು ಅಂತ ಗೊತ್ತಾಗಲ್ಲ ಅಂದೆ. ಬರೀ ಹಾಡು ಕೇಳಿದರೂ ಅಷ್ಟೇ, ಯಾರು ಹೋಗುತ್ತಿದ್ದಾರೆ ಅಂತ ಗೊತ್ತಾಗಲ್ಲ. ಎರಡೂ ಸೇರಿದಾಗ ಮಾತ್ರ ಪೂರ್ತಿಯಾಗಬೇಕು. ಹಾಡು ಹೇಳಿದ್ದನ್ನೇ ಚಿತ್ರ ಮತ್ತೆ ಹೇಳುವ ವಿಡಿಯೋಗಳು ನನಗೆ ಯಾವತ್ತೂ ಹಿಡಿಸಿಲ್ಲ. ಮೇಡಂ, "ಈ ಮಾತನ್ನೇ ವಿವರಣೆಯಲ್ಲಿ ಬರಿ" ಅಂದರು.

ಹಾಡು ಸೀನಿಯರ್ ಒಬ್ಬರದು, ಅವರೇ ಬರೆದು ಅವರೇ ಟ್ಯೂನ್ ಹಾಕಿದ್ದು. ಹಾಡಿದವರು ಬೇರೆ. ಸಾಹಿತ್ಯ ಮತ್ತು ರಾಗದ ಹಕ್ಕು ಒಂದು, ರೆಕಾರ್ಡಿಂಗ್‌ನ ಹಕ್ಕು ಇನ್ನೊಂದು, ಹಾಗಾಗಿ ಎಲ್ಲರಿಂದಲೂ ಕಾಗದದ ಮೇಲೆ ಒಪ್ಪಿಗೆ ತಗೋಬೇಕು. ಖುಷಿಯ ಸಂಗತಿ ಅಂದರೆ ಹಾಡಿನ ಲಯ ನಿಮಿಷಕ್ಕೆ 100 ಬೀಟ್. ಒಂದು ಬೀಟ್‌ಗೆ ಸರಿಯಾಗಿ 15 ಫ್ರೇಮ್! ಬೀಟ್ ಮೇಲೆ ಕಟ್ ಮಾಡಬೇಕು ಅನ್ನಿಸಿದಾಗ ಅರ್ಧ ಫ್ರೇಮಿನ ತಕರಾರೇ ಇಲ್ಲ. ಹಾಗಂತ ಪ್ರತಿ ಬೀಟ್‌ಗೂ ಕತ್ತರಿ ಹಾಕಲ್ಲ, ಕಪಾಟಿನ ಶಾಟ್ ಪಲ್ಲವಿಯ ಪೂರ್ತಿ ಸಾಲಿಗೂ ಅಲುಗದೆ ನಿಲ್ಲಬೇಕು.

ಹಾಡುವವಳನ್ನು ತೋರಿಸಬೇಕಾ ಬೇಡವಾ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಬೇಡ ಅನ್ನುವ ಕಡೆಗೇ ನನ್ನ ಮನಸ್ಸು, ಗೆಳತಿ ಒಪ್ಪುತ್ತಿಲ್ಲ. ಕಪಾಟಿನ ಶಾಟ್‌ಗಳನ್ನು ಮಾತ್ರ ಒಂದೇ ದಿನ, ಟ್ರೈಪಾಡ್ ಕದಲಿಸದೆ, ಕಾಲಿಟ್ಟ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ, ಬೆಳಕು ಬದಲಾಗದಂತೆ ಕಿಟಕಿ ಮುಚ್ಚಿ ತೆಗೆಯಬೇಕು. ತುಂಬಿದ ಕಪಾಟಿನಿಂದ ಶುರುಮಾಡಿ ಪುಸ್ತಕ ತೆಗೆಯುತ್ತಾ ಹೋದರೆ ಕ್ರಮ ತಪ್ಪಲ್ಲ. ಅದಕ್ಕೆ ಒಂದು ಕೋಣೆ ಬೆಳಗಿಂದ ಸಂಜೆವರೆಗೆ ಖಾಲಿ ಸಿಗಬೇಕು. ಯಾರ ರೂಮು ಕೇಳೋದು ಅಂತ ನಾಳೆ ಕೂತು ನೋಡಬೇಕು.