ಕುಚ್ಚಿನ ಕೆಲಸಕ್ಕೊಂದು ವಿಳಾಸ, ಒಂದು ಫೋನ್ ನಂಬರ್

ಮೈಸೂರಿನ ಅಗ್ರಹಾರದಲ್ಲಿ ಅಮ್ಮ ಸೀರೆಗಳಿಗೆ ಕುಚ್ಚು ಹಾಕುತ್ತಿದ್ದರು. ಮನೆ ಮುಂದೆ ಬೋರ್ಡ್ ಇರಲಿಲ್ಲ. ಯಾರಾದರೂ ವಿಳಾಸ ಕೇಳಿದರೆ "ಹಾಲಿನ ಬೂತ್ ಪಕ್ಕದ ಸಂದಿ, ಕುಚ್ಚಿನ ಆಂಟಿ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ" ಅನ್ನುತ್ತಿದ್ದರು. ತೋರಿಸುತ್ತಿದ್ದರು ಕೂಡ. ಅಷ್ಟರಲ್ಲೇ ಅವರ ಇಪ್ಪತ್ತೈದು ವರ್ಷದ ಕೆಲಸ ನಡೆದುಹೋಯಿತು.

ಅದೇ ಕೆಲಸವನ್ನು ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಶುರು ಮಾಡಿದೆ. ಮೊದಮೊದಲು ಯುಗಾದಿ, ದೀಪಾವಳಿ ಕಾರ್ಯಕ್ರಮಗಳಲ್ಲಿ ಸಿಕ್ಕ ಗೆಳತಿಯರ ಸೀರೆಗಳು. ಆಮೇಲೆ ತಮಿಳರು, ತೆಲುಗಿನವರು, ಗುಜರಾತಿಗಳು ಬಂದರು. 2024ರಲ್ಲಿ ಲೆಸ್ಟರ್ ಕಡೆಯ ಒಂದು ಸೀರೆ ಅಂಗಡಿಯವರು ತಿಂಗಳಿಗೆ ಇಷ್ಟು ಸೀರೆ ಕಳಿಸುತ್ತೇವೆ ಅಂದರು. ಒಂದೇ ಒಂದು ಮಾತು, ಬಿಲ್ಲು ಕಂಪನಿಯ ಹೆಸರಲ್ಲಿ ಬರಬೇಕು. ನನಗೂ ಅದು ಸರಿ ಅನಿಸಿತು. ಒಂದೊಂದು ಪಾರ್ಸಲ್ಲಿನಲ್ಲಿ ಲಕ್ಷಾಂತರ ರೂಪಾಯಿಯ ಕಾಂಚೀಪುರಂ ಸೀರೆಗಳು ಇರುತ್ತವೆ. ವ್ಯಾಪಾರದ ಸಾಲ ಮನೆಯ ಮೇಲೆ ಬರದಿರಲಿ ಎಂದು ಲಿಮಿಟೆಡ್ ಕಂಪನಿ, ಅಂದರೆ ಸಾಲಕ್ಕೆ ಕಂಪನಿಯೇ ಹೊಣೆಯಾಗುವಂಥದ್ದು, ಮಾಡಲು ಹೊರಟೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಣ್ಣದಾಗಿ ಶುರು ಮಾಡುವವರಿಗೆ ಕಂಪನಿ ಬೇಕಾಗಿಯೇ ಇಲ್ಲ. ಸೋಲ್ ಟ್ರೇಡರ್ ಆಗಿ ನಿಮ್ಮ ಹೆಸರಲ್ಲೇ ಕೆಲಸ ಮಾಡಬಹುದು. ತೆರಿಗೆ ವರ್ಷದಲ್ಲಿ ವ್ಯಾಪಾರದಿಂದ 1,000 ಪೌಂಡ್‌ಗಿಂತ ಜಾಸ್ತಿ ಬಂದರೆ ತೆರಿಗೆ ಇಲಾಖೆಗೆ ತಿಳಿಸಬೇಕು, ಅಷ್ಟೇ. ಇನ್ನೊಂದು ವೀಸಾದ ವಿಷಯ. ನನ್ನ ಗಂಡ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇದ್ದಾರೆ, ನಾನು ಡಿಪೆಂಡೆಂಟ್. ಈ ವೀಸಾದಲ್ಲಿ ಸಂಗಾತಿಗೆ ಸ್ವಂತ ಉದ್ಯೋಗಕ್ಕೆ ಅಡ್ಡಿಯಿಲ್ಲ. ಮುಖ್ಯ ವೀಸಾದವರಿಗೆ ಆ ಸ್ವಾತಂತ್ರ್ಯ ಇಲ್ಲ. ಹಾಗಾಗಿ ಕಂಪನಿ ನನ್ನೊಬ್ಬಳ ಹೆಸರಲ್ಲೇ ಆಯಿತು.

ಕಂಪನಿ ನೋಂದಣಿ ಸುಲಭ. ಕಂಪನೀಸ್ ಹೌಸ್ ಎಂಬ ಸರ್ಕಾರಿ ಕಚೇರಿ ಇದೆ, ಕಾರ್ಡಿಫ್‌ನಲ್ಲಿ. ಎಲ್ಲ ಆನ್‌ಲೈನ್. ನಾನು ಕಟ್ಟಿದ್ದು 50 ಪೌಂಡ್. 2024ರ ಮೇ 1ಕ್ಕೆ ಮುಂಚೆ ಅದು ಬರೀ 12 ಪೌಂಡ್ ಇತ್ತು. 2026ರ ಫೆಬ್ರವರಿಯಿಂದ 100 ಆಗಿದೆ. ಫಾರಂ ತುಂಬುತ್ತಾ ಹೋದೆ, "ರಿಜಿಸ್ಟರ್ಡ್ ಆಫೀಸ್ ವಿಳಾಸ" (ಅಂದರೆ ಕಂಪನಿಯ ಅಧಿಕೃತ ವಿಳಾಸ) ಎಂಬ ಜಾಗಕ್ಕೆ ಬಂದು ಕೈ ನಿಂತಿತು.

ನಮ್ಮದು ಬಾಡಿಗೆ ಮನೆ. ಏಜೆಂಟರನ್ನು ಕೇಳಿದೆ. ಗಿರಾಕಿಗಳು ಮನೆಗೆ ಬರುವುದಿಲ್ಲ ಅಂದರೆ ಮನೆಯಲ್ಲಿ ಕೂತು ಕುಚ್ಚು ಹಾಕಬಹುದು, ಆದರೆ ಮನೆ ವಿಳಾಸದಲ್ಲಿ ಕಂಪನಿ ನೋಂದಣಿ ಬೇಡ ಅಂದರು. ಆಗ ಬೇಜಾರಾಯಿತು. ಈಗ ಯೋಚಿಸಿದರೆ ಅವರು ನನಗೆ ಒಳ್ಳೆಯದನ್ನೇ ಮಾಡಿದರು.

ಯಾಕೆಂದರೆ ಇಲ್ಲಿ ಕಂಪನಿಯ ವಿಳಾಸ ಗುಟ್ಟಲ್ಲ. ಯಾರು ಬೇಕಾದರೂ ಕಂಪನೀಸ್ ಹೌಸ್‌ನ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿ, ಒಂದು ಪೈಸೆ ಕೊಡದೆ ನೋಡಬಹುದು. ರಿಜಿಸ್ಟರ್ಡ್ ವಿಳಾಸ, ಡೈರೆಕ್ಟರ್ ಪೂರ್ತಿ ಹೆಸರು, ಹುಟ್ಟಿದ ತಿಂಗಳು ಮತ್ತು ವರ್ಷ, ಪತ್ರ ವ್ಯವಹಾರದ ವಿಳಾಸ, ಎಲ್ಲ ಕಾಣುತ್ತದೆ. ಮನೆ ವಿಳಾಸವನ್ನೂ ಕೊಡಬೇಕು, ಆದರೆ ಅದನ್ನು ಬೇರೆ ಜಾಗದಲ್ಲಿ ಕೇಳುತ್ತಾರೆ, ಅದು ಹೊರಗೆ ಕಾಣುವುದಿಲ್ಲ. ಅವಸರದಲ್ಲಿ ಮೂರೂ ಕಡೆ ಒಂದೇ ವಿಳಾಸ ತುಂಬಿದರೆ ಮುಗಿಯಿತು, ನೀವು ಯಾರು, ಎಲ್ಲಿ ಮಲಗುತ್ತೀರಿ ಎಂಬುದು ಲೋಕಕ್ಕೆಲ್ಲ ಗೊತ್ತು. ಪರಿಚಯದ ಹುಡುಗಿಯೊಬ್ಬಳು ಹಾಗೆ ಮಾಡಿದ್ದಳು. ಸಾಲ ಕೊಡುತ್ತೇವೆ, ವಿಮೆ ಕೊಡುತ್ತೇವೆ ಅಂತ ದಿನಾ ಕಾಗದಗಳು. ಒಂದು ದಿನ ಗಿರಾಕಿಯೊಬ್ಬರು ರಾತ್ರಿ ಎಂಟು ಗಂಟೆಗೆ ನೇರ ಬಾಗಿಲಿಗೇ ಬಂದರು. ಅವಳು, ಪುಟ್ಟ ಮಗು, ಇಬ್ಬರೇ ಇದ್ದರು. 2025ರ ಜನವರಿ ಕೊನೆಯಿಂದ ಹೀಗೆ ಹಾಕಿದ ಮನೆ ವಿಳಾಸವನ್ನು ಹಳೆಯ ಕಾಗದಪತ್ರಗಳಿಂದ ಮರೆ ಮಾಡಿಸಲು ಅರ್ಜಿ ಹಾಕಬಹುದು. ಆದರೆ ಒಂದೊಂದು ಕಾಗದಕ್ಕೂ ದುಡ್ಡು ಕೊಡಬೇಕು. ಮೊದಲೇ ಹಾಕದೆ ಇರುವುದು ಎಷ್ಟೋ ವಾಸಿ, ಅಲ್ವಾ?

ಅಂಚೆ ಪೆಟ್ಟಿಗೆ ನಂಬರ್ ಕೊಟ್ಟರೆ ನಡೆಯುತ್ತಾ ಅಂತ ಕೆಲವರು ಕೇಳುತ್ತಾರೆ. ನಡೆಯುವುದಿಲ್ಲ. 2024ರ ಮಾರ್ಚ್ 4ರಿಂದ ಹೊಸ ಕಾನೂನು ಬಂದಿದೆ. ಆ ವಿಳಾಸಕ್ಕೆ ಬಂದ ಪತ್ರ ಕಂಪನಿಯ ಪರವಾಗಿ ಯಾರದೋ ಕೈಗೆ ನಿಜವಾಗಿ ಸೇರಬೇಕು, ಸೇರಿತು ಅಂತ ಸಹಿ ಹಾಕುವ ಹಾಗೆ ಇರಬೇಕು. ವಿಳಾಸ ಸರಿಯಿಲ್ಲ ಅಂತ ಕಂಡುಬಂದರೆ ಕಂಪನೀಸ್ ಹೌಸ್‌ನವರು ಅದನ್ನು ತೆಗೆದು ಕಾರ್ಡಿಫ್‌ನ ತಮ್ಮದೇ ವಿಳಾಸ ಹಾಕುತ್ತಾರೆ. 28 ದಿನದೊಳಗೆ ಸರಿಯಾದ ವಿಳಾಸ ಕೊಡದಿದ್ದರೆ ಕಂಪನಿಯನ್ನೇ ಪಟ್ಟಿಯಿಂದ ತೆಗೆಯುವ ಕೆಲಸ ಶುರುವಾಗಬಹುದು. ಇಷ್ಟು ಬಿಗಿ ಮಾಡಿದ್ದಕ್ಕೆ ಕಾರಣ ಇದೆ. ಯಾರದೋ ಮನೆ ವಿಳಾಸದಲ್ಲಿ ಯಾರೋ ಕಂಪನಿ ಮಾಡಿ, ಆ ಮನೆಯ ಬಡಪಾಯಿಗಳಿಗೆ ಸಾಲದ ನೋಟಿಸು ಬರುತ್ತಿತ್ತು. ಕಷ್ಟ ಆದರೂ ಈ ನಿಯಮ ನನಗೆ ಒಪ್ಪಿಗೆ. 2025ರ ನವೆಂಬರ್ 18ರಿಂದ ಡೈರೆಕ್ಟರ್‌ಗಳು ಪಾಸ್‌ಪೋರ್ಟ್ ತರದ್ದು ತೋರಿಸಿ ತಾವು ಯಾರೆಂದು ದೃಢಪಡಿಸುವುದೂ ಕಡ್ಡಾಯವಾಗಿದೆ.

ಉಳಿದಿದ್ದು ಒಂದೇ ದಾರಿ, ವಿಳಾಸ ಬಾಡಿಗೆಗೆ ಕೊಡುವವರು. ಇದು ಇಲ್ಲಿ ಕಾನೂನು ಒಪ್ಪಿದ, ಎಲ್ಲರೂ ಮಾಡುವ ಪದ್ಧತಿ. ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಿದರೆ ಅವರ ಕಟ್ಟಡದ ವಿಳಾಸವನ್ನು ನಿಮ್ಮ ಕಂಪನಿ ಬಳಸಬಹುದು. ಬಂದ ಕಾಗದ ಬಿಡಿಸಿ, ಸ್ಕ್ಯಾನ್ ಮಾಡಿ ಈಮೇಲ್ ಮಾಡುತ್ತಾರೆ. ಪಾಸ್‌ಪೋರ್ಟ್, ಮನೆ ವಿಳಾಸದ ದಾಖಲೆ ಎಲ್ಲ ಕೇಳುತ್ತಾರೆ, ಕೇಳದೆ ಕೊಡುವವರಿಂದ ದೂರ ಇರಿ. ಇಂಗ್ಲೆಂಡಿನಲ್ಲಿ ನೋಂದಾಯಿಸಿದ ಕಂಪನಿಯ ವಿಳಾಸ ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲೇ ಇರಬೇಕು. ಅಗ್ಗ ಅಂತ ಸ್ಕಾಟ್ಲೆಂಡಿನ ವಿಳಾಸ ತಗೊಳ್ಳುವ ಹಾಗಿಲ್ಲ.

ನಾನು ಲಂಡನ್ ವಿಳಾಸದ ಒಂದು ಅಗ್ಗದ ಪ್ಲಾನ್ ತಗೊಂಡೆ. ಕಂಪನಿ ಮಾರನೇ ದಿನವೇ ಆಯಿತು. ತೆರಿಗೆ ಇಲಾಖೆಯಿಂದ ಹತ್ತು ಅಂಕಿಯ ತೆರಿಗೆ ನಂಬರ್ ಇದ್ದ ಪತ್ರವೂ ಅದೇ ವಿಳಾಸಕ್ಕೆ ಬಂದು, ಸ್ಕ್ಯಾನ್ ಆಗಿ ನನಗೆ ಸಿಕ್ಕಿತು. ಇಷ್ಟೇನಾ ಅಂತ ಖುಷಿಪಟ್ಟೆ.

ಆಮೇಲೆ ಬ್ಯಾಂಕ್. ಖಾತೆ ತೆರೆಯಿತು. ಡೆಬಿಟ್ ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ ಬರುತ್ತದೆ ಅಂದರು. ಹತ್ತು ದಿನ ಕಾದೆ. ಏನೂ ಇಲ್ಲ. ಮೂರನೇ ವಾರ ಖಾತೆಗೇ ಬೀಗ ಬಿತ್ತು, "ನಿಮ್ಮ ವಿಳಾಸಕ್ಕೆ ಕಳಿಸಿದ ಪತ್ರ ವಾಪಸ್ ಬಂದಿದೆ, ದಾಖಲೆ ಕೊಡಿ" ಅಂತ. ಅದೇ ವಾರ ಲೆಸ್ಟರ್‌ನವರ ಮೊದಲ ಬಿಲ್ಲಿನ ಹಣ ಬರಬೇಕಿತ್ತು. ಹದಿನೆಂಟು ಸೀರೆಗಳ ಕೆಲಸ, ರಾತ್ರಿ ಒಂದು ಗಂಟೆವರೆಗೆ ಕೂತು ಗಂಟು ಹಾಕಿದ್ದೆ. ಆ ಸಂಜೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ವಿಳಾಸದವರಿಗೆ ಫೋನ್ ಮಾಡಿದಾಗ ವಿಷಯ ತಿಳಿಯಿತು. ನಾನು ಕೊಂಡ ಪ್ಲಾನ್‌ನಲ್ಲಿ ಕಂಪನೀಸ್ ಹೌಸ್ ಮತ್ತು ತೆರಿಗೆ ಇಲಾಖೆಯ ಪತ್ರಗಳಿಗೆ ಮಾತ್ರ ಅವಕಾಶ. ಬ್ಯಾಂಕಿನದು, ಗಿರಾಕಿಯದು, ಪಾರ್ಸಲ್ ಏನೇ ಬಂದರೂ "ಕಳಿಸಿದವರಿಗೆ ವಾಪಸ್" ಅಂತ ಬರೆದು ಕಳಿಸಿಬಿಡುತ್ತಾರೆ. ಬೇರೆ ಪತ್ರಗಳೂ ಬೇಕಾದರೆ "ಬಿಸಿನೆಸ್ ಅಡ್ರೆಸ್" ಅಂತ ಬೇರೆ ಪ್ಲಾನ್, ಬೇರೆ ದುಡ್ಡು. ಷರತ್ತುಗಳಲ್ಲಿ ಬರೆದಿತ್ತು. ಮಾರುವಾಗ ಅದನ್ನು ಎದುರಿಗೆ ದೊಡ್ಡದಾಗಿ ಹಾಕಬೇಕಿತ್ತು ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಬ್ಯಾಂಕಿನ ಪತ್ರ ಬಂದರೆ ಏನು ಮಾಡುತ್ತೀರಿ? ಮೂಲ ಕಾಗದವನ್ನು ನನ್ನ ಮನೆಗೆ ಕಳಿಸುತ್ತೀರಾ, ಅದಕ್ಕೆಷ್ಟು? ನಾನು ಬಿಟ್ಟು ಹೋದಮೇಲೆ ಬರುವ ಪತ್ರಗಳ ಗತಿ ಏನು? ಉತ್ತರ ಈಮೇಲ್‌ನಲ್ಲೇ ಪಡೆಯಿರಿ. ಬ್ಯಾಂಕಿಗೂ ನೇರವಾಗಿ ಹೇಳಿ: ರಿಜಿಸ್ಟರ್ಡ್ ವಿಳಾಸ ಇದು, ಕೆಲಸ ನಡೆಯುವ ಜಾಗ ಮನೆ, ಪತ್ರ ಮನೆಗೆ ಕಳಿಸಿ. ನಾನು ಎರಡೂ ಕಡೆ ಲಂಡನ್ ವಿಳಾಸ ತುಂಬಿದ್ದೇ ತೊಂದರೆಗೆ ದಾರಿಯಾಯಿತು. ಬ್ಯಾಂಕಿಗೆ ಕೊಟ್ಟ ಮನೆ ವಿಳಾಸ ಹೊರಗೆ ಯಾರಿಗೂ ಕಾಣುವುದಿಲ್ಲ, ಹೆದರಬೇಕಿಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕಂಪನಿಯ ವಿವರ ಬದಲಿಸಲು ಆರು ಅಕ್ಷರದ ಒಂದು ಕೋಡ್ ಬೇಕು. ಅದು ಕಳೆದುಹೋಗಿ ಹೊಸದು ಕೇಳಿದರೆ ಸಾಮಾನ್ಯವಾಗಿ ಅಂಚೆಯಲ್ಲಿ ರಿಜಿಸ್ಟರ್ಡ್ ವಿಳಾಸಕ್ಕೇ ಹೋಗುತ್ತದೆ. ಅಂದರೆ ನಿಮ್ಮ ಅಂಚೆ ಬಿಡಿಸುವವರ ಕೈಯಲ್ಲಿ ನಿಮ್ಮ ಕಂಪನಿಯ ಕೀಲಿ ಇದ್ದ ಹಾಗೆ. ವಿಳಾಸ ಕೊಡುವವರನ್ನು ಬರೀ ಬೆಲೆ ನೋಡಿ ಆರಿಸಬೇಡಿ.

ಫೋನ್ ನಂಬರಿನ ಕಥೆ ಇಷ್ಟು ಕಷ್ಟದ್ದಲ್ಲ. ಮೊದಲು ನನ್ನ ಸ್ವಂತ ಮೊಬೈಲ್ ನಂಬರನ್ನೇ ಎಲ್ಲರಿಗೂ ಕೊಟ್ಟಿದ್ದೆ. ಮಗಳಿಗೆ ಊಟ ಮಾಡಿಸುವಾಗ, ದೇವರ ಮುಂದೆ ಕೂತಾಗ, ಯಾವಾಗ ಬೇಕಾದರೂ ರಿಂಗ್. ಊರಿಂದ ತಂಗಿಯ ಸ್ನೇಹಿತೆಯರು ಬೆಳಗ್ಗೆ ಎಂಟೂವರೆಗೆ ಕರೆ ಮಾಡಿದರೆ ಚಳಿಗಾಲದಲ್ಲಿ ಇಲ್ಲಿ ಬೆಳಗಿನ ಜಾವ ಮೂರು ಗಂಟೆ. ಬೇರೆ ನಂಬರ್ ಬೇಕೇ ಬೇಕು ಅನಿಸಿತು.

ಈಗ ಅದಕ್ಕೆ ತಂತಿ ಎಳೆಸಬೇಕಿಲ್ಲ. ಹಳೆಯ ತಾಮ್ರದ ತಂತಿಯ ಫೋನ್ ಜಾಲವನ್ನೇ ಇಲ್ಲಿ 2027ರ ಜನವರಿ ಹೊತ್ತಿಗೆ ಮುಚ್ಚುತ್ತಿದ್ದಾರೆ. ಇಂಟರ್‌ನೆಟ್ ಮೇಲೆ ನಡೆಯುವ ನಂಬರ್ ತಗೊಂಡರೆ ಮೊಬೈಲಿನ ಆ್ಯಪ್‌ನಲ್ಲೇ ಎತ್ತಬಹುದು. ತಿಂಗಳ ಬಾಡಿಗೆ ಹೊರಗಿನ ಒಂದು ಊಟದ ಖರ್ಚಿಗಿಂತ ಕಡಿಮೆ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ರಿಂಗ್ ಆಗುತ್ತದೆ. ಉಳಿದ ಹೊತ್ತು ನನ್ನ ದನಿಯಲ್ಲೇ ನಮಸ್ಕಾರ ಹೇಳಿ, ಸಂದೇಶ ಬಿಡಿ ಅನ್ನುತ್ತದೆ.

ಯಾವ ಊರಿನ ಕೋಡ್ ಬೇಕೋ ಆರಿಸಿಕೊಳ್ಳಬಹುದು. ಲಂಡನ್ನಿನ 020 ತಗೋ, ಗತ್ತಾಗಿರುತ್ತೆ ಅಂದರು ಕೆಲವರು. ನಾನು ರೆಡಿಂಗ್‌ನ 0118 ತಗೊಂಡೆ. ಸೀರೆ ಕೊಡುವವರು ನನ್ನನ್ನು ನಂಬಿ ಕೊಡುತ್ತಾರೆ. ನಾನು ಇರುವ ಊರು ನಂಬರಿನಲ್ಲೇ ಕಾಣಲಿ ಅನಿಸಿತು. 03ರಿಂದ ಶುರುವಾಗುವ ನಂಬರೂ ಒಳ್ಳೆಯದೇ, ಅದಕ್ಕೆ ಕರೆ ಮಾಡಿದರೆ ಊರಿನ ನಂಬರಿಗೆ ಆಗುವಷ್ಟೇ ಖರ್ಚು. 084, 087ರಿಂದ ಶುರುವಾಗುವುದನ್ನು ಮಾತ್ರ ತಗೋಬೇಡಿ. ಕರೆ ಮಾಡಿದವರಿಗೆ ಜಾಸ್ತಿ ದುಡ್ಡು ಬೀಳುತ್ತದೆ. ಈಗಾಗಲೇ ಕೊಂಡ ಗಿರಾಕಿಗೆ ಅಂಥ ದುಬಾರಿ ನಂಬರ್ ಕೊಡುವುದಕ್ಕೆ 2014ರಿಂದ ಕಾನೂನಿನ ಒಪ್ಪಿಗೆಯೂ ಇಲ್ಲ.

ವಾಟ್ಸಾಪ್ ಬಿಸಿನೆಸ್ ಅನ್ನೂ ಇದೇ ನಂಬರಿಗೆ ಹಾಕಿದೆ. ಎಸ್ಸೆಮ್ಮೆಸ್ ಬರುವುದಿಲ್ಲವಾದ್ದರಿಂದ ಕರೆ ಮಾಡಿ ಕೋಡ್ ಹೇಳು ಅನ್ನುವುದನ್ನು ಒತ್ತಬೇಕು. ಮೊದಲ ಸಲ ಆಗಲಿಲ್ಲ. ನನ್ನ ನಮಸ್ಕಾರದ ದನಿ ಮೊದಲು ಎತ್ತಿಕೊಂಡು, ಅವರ ಯಂತ್ರ ಕೋಡ್ ಹೇಳುವಷ್ಟರಲ್ಲಿ ಕರೆ ಮುಗಿಯುತ್ತಿತ್ತು. ಆ ದನಿಯನ್ನು ಅರ್ಧ ಗಂಟೆ ಆಫ್ ಮಾಡಿದೆ, ಕೋಡ್ ಬಂತು. ಇಂಟರ್‌ನೆಟ್ ನಂಬರ್ ತಗೊಂಡವರು ತುರ್ತು ಕರೆ 999ಕ್ಕಾಗಿ ನಿಮ್ಮ ನಿಜವಾದ ಮನೆ ವಿಳಾಸವನ್ನು ಆ ಕಂಪನಿಗೆ ಕೊಟ್ಟಿರಿ. ಮನೆ ಬದಲಿಸಿದಾಗ ಅದನ್ನೂ ಬದಲಿಸಿ. ಇಲ್ಲದಿದ್ದರೆ ಆಂಬುಲೆನ್ಸ್ ಹಳೆಯ ಮನೆಗೆ ಹೋದೀತು.

ಅಮ್ಮ ಈ ನಂಬರಿಗೆ ಎರಡು ದಿನ ಪ್ರಯತ್ನಪಟ್ಟರಂತೆ, ಹತ್ತಲಿಲ್ಲ. 0044 ಆದಮೇಲೆ 0118ರ ಮೊದಲ ಸೊನ್ನೆಯನ್ನು ಬಿಡಬೇಕು ಅಂತ ಹೇಳಿಕೊಟ್ಟೆ. ಮಾರನೇ ದಿನ ಸಂದೇಶ ಇತ್ತು. "ನಮಸ್ಕಾರ ಚೆನ್ನಾಗಿ ಹೇಳಿದೀಯ ಕಣೇ. ಅಂಗಡಿ ಸೀರೆಗೆ ಎಷ್ಟು ತಗೋತೀಯ? ಮಣಿ ಹಾಕಿದ್ರೆ ಬೇರೆ ರೇಟ್ ಹೇಳು, ಸುಮ್ನೆ ಹಾಕ್ಕೊಡ್ಬೇಡ." ಅದನ್ನು ಅಳಿಸಿಲ್ಲ.

ಬ್ಯಾಂಕಿನ ಬೀಗ ತೆಗೆಸಲು ಒಟ್ಟು ಐದು ವಾರ ಹಿಡಿಯಿತು. ಲೆಸ್ಟರ್‌ನವರು ಅಷ್ಟು ದಿನ ಕಾದರು, ಆ ಋಣ ದೊಡ್ಡದು. ಆಮೇಲೆ ವಿಳಾಸ ಬದಲಿಸಿದೆ. ಅದಕ್ಕೆ ಕಂಪನೀಸ್ ಹೌಸ್‌ಗೆ ಏನೂ ಕಟ್ಟಬೇಕಿಲ್ಲ. ಆದರೆ ಬದಲಾದ ಮೇಲೂ 14 ದಿನ ಹಳೆಯ ವಿಳಾಸಕ್ಕೆ ಬಂದ ನೋಟಿಸು ಕಾನೂನಿನ ಪ್ರಕಾರ ಸಲ್ಲುತ್ತದೆ, ಹಾಗಾಗಿ ಹಳೆಯ ಪ್ಲಾನನ್ನು ಅದೇ ದಿನ ನಿಲ್ಲಿಸಬೇಡಿ. ಈಗ ರೆಡಿಂಗ್‌ನಲ್ಲೇ, ಬಸ್ಸಿನಲ್ಲಿ ಹೋಗಿ ಬರಬಹುದಾದ ಒಂದು ಕಚೇರಿಯ ವಿಳಾಸ ಇದೆ. ಬೆಲೆ ಮೊದಲಿನದರ ಮೂರು ಪಟ್ಟು. ಅಲ್ಲಿ ಕೂರುವ ಹೆಂಗಸಿಗೆ ನನ್ನ ಹೆಸರು ಗೊತ್ತು. ಪತ್ರ ಬಂದರೆ ಫೋನ್ ಮಾಡುತ್ತಾರೆ.

ಕಂಪನಿಯ ಪತ್ರ, ಆರ್ಡರ್ ಫಾರಂ, ವೆಬ್‌ಸೈಟ್ ಎಲ್ಲದರಲ್ಲೂ ಕಂಪನಿ ನಂಬರ್, ಎಲ್ಲಿ ನೋಂದಣಿಯಾಗಿದೆ, ರಿಜಿಸ್ಟರ್ಡ್ ವಿಳಾಸ ಇರಬೇಕು ಅಂತ ಇಲ್ಲಿ ನಿಯಮ. ಹಾಗಾಗಿ ನನ್ನ ಕಾರ್ಡುಗಳಲ್ಲೂ ಅದನ್ನೇ ಅಚ್ಚು ಹಾಕಿಸಿದ್ದೆ. ಲಂಡನ್ ವಿಳಾಸದ ಐನೂರು ಕಾರ್ಡು ಹಾಗೇ ಉಳಿದುಹೋದವು. ಗಟ್ಟಿ ಕಾಗದ, ಎಸೆಯಲು ಮನಸ್ಸಾಗಲಿಲ್ಲ. ಎರಡೂ ತುದಿಯಲ್ಲಿ ಸಣ್ಣ ಕಚ್ಚು ಹಾಕಿ ರೇಷ್ಮೆ ದಾರ ಸುತ್ತಿಡುತ್ತಿದ್ದೇನೆ. ಇವತ್ತು ಬೆಳಗ್ಗೆ ಗಿಳಿಹಸಿರು ಸುತ್ತಿದೆ, ಸಂಜೆ ಅರಿಶಿನ ಬಣ್ಣದ್ದು ಸುತ್ತಬೇಕು.