ಟೋಕಿಯೋದ ಆ ಶನಿವಾರ
ಟೋಕಿಯೋ ಒಲಿಂಪಿಕ್ಸ್ ಅಂದರೆ ನನಗೆ 2021ರ ಆಗಸ್ಟ್ 7. ಸಂಜೆ ನೀರಜ್ ಚೋಪ್ರಾ ಎರಡನೇ ಎಸೆತದಲ್ಲೇ 87.58 ಮೀಟರ್ ದಾಟಿಸಿದರು. ಈಟಿ ಇನ್ನೂ ಗಾಳಿಯಲ್ಲಿದ್ದಾಗಲೇ ತಿರುಗಿ ಕೈ ಎತ್ತಿದ್ದರು! ಇಡೀ ಬೀದಿಯೇ ಕೂಗಿತು.

ಆದರೆ ನನಗೆ ಜಾಸ್ತಿ ನೆನಪಾಗುವುದು ಆ ಬೆಳಗ್ಗೆ. ಗಾಲ್ಫ್ ನಿಯಮ ಒಂದೂ ಗೊತ್ತಿಲ್ಲದ ನಾನು, ಕಾಫಿ ಆರಿದ್ದೂ ತಿಳಿಯದೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಟ ನೋಡುತ್ತಿದ್ದೆ. ‘ಬರ್ಡಿ ಅಂದ್ರೆ ಏನೋ?’ ಎಂದು ಅಮ್ಮ ಕೇಳಿದರು. ನನಗೇನು ಗೊತ್ತು, ಸುಮ್ನೆ ‘ಒಳ್ಳೇದಮ್ಮ’ ಅಂದೆ. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದ ಹುಡುಗಿ ನಾಲ್ಕನೆಯವಳಾದಳು. ಕಂಚು ತಪ್ಪಿದ್ದು ಒಂದೇ ಒಂದು ಹೊಡೆತದಿಂದ.

ಸಂಜೆಯ ಚಿನ್ನಕ್ಕೆ ಕುಣಿದೆ, ನಿಜ. ಕೊನೆಯ ಹೋಲ್‌ನಲ್ಲಿ ಗುರಿ ತಪ್ಪಿದ ಆ ಚೆಂಡು ಮಾತ್ರ ಇವತ್ತಿಗೂ ಕಣ್ಣಮುಂದೆ ಉರುಳುತ್ತದೆ. ನಿಮಗೂ ಹಾಗೇನಾ?